ತಕ್ಕಡಿ ಹತ್ತದ ಜೇನು

"ಮೇಡಂ, ಆಪ್ ಭೀ!" ಎಂದು ಪೈಲಟ್ ತಕ್ಕಡಿ ತೋರಿಸಿದ.

"ಬ್ಯಾಗ್ ಸಾಕಾಗುದಿಲ್ವಾ? ನನ್ನ ತೂಕವನ್ನೂ ಊರಿಗೆಲ್ಲ ಹೇಳ್ಲಿಕ್ಕುಂಟಾ ಮಾರಾಯ್ರೆ?" ವೆಲಿಟಾ ಗೊಣಗಿದಳು.

ಅವನ ಮುಖ ಅರಳಿತು. "ಕನ್ನಡದವ್ರಾ! ನಾನು ನಂದನ್, ಮೈಸೂರು. ಪುಟ್ಟ ವಿಮಾನ ಕಣ್ರೀ, ಎಲ್ಲ ಲೆಕ್ಕಕ್ಕೆ ಬರತ್ತೆ!"

ಆ ನಗು ಕಂಡು ವೆಲಿಟಾಳ ಎದೆ ಯಾಕೋ ಹೊಡೆದುಕೊಂಡಿತು...

ದುಬೈ ಬಳಿಯ ಅಲ್ ಐನ್‌ನಲ್ಲಿ ನರ್ಸ್ ಆಗಿದ್ದ ಅವಳು ಬೆಟ್ಟದ ಹಳ್ಳಿಯ ವೈದ್ಯಕೀಯ ಶಿಬಿರ ಮುಗಿಸಿ ವಾಪಸ್ ಹೊರಟಿದ್ದಳು. ಬೆಟ್ಟಗಳ ನಡುವಿನ ಆ ನಿಲ್ದಾಣಕ್ಕೆ ಇದ್ದದ್ದು ಒಂದೇ ಗಿಡ್ಡ ರನ್‌ವೇ.

ಗಲ್ಫ್‌ನಿಂದ ಊರಿಗೆ ಹೋಗುವವರ ಬುದ್ಧಿ ನಿಮಗೆ ಗೊತ್ತಲ್ಲ! ಬ್ಯಾಗ್ ತೂಕ ಮೀರಿದರೆ ಮಿಕ್ಕಿದ್ದೆಲ್ಲ ಜಾಕೆಟ್‌ನ ಜೇಬಿಗೆ. ವೆಲಿಟಾಳೂ ಅದನ್ನೇ ಮಾಡಿದಳು. ಹಳ್ಳಿಯಲ್ಲಿ ಕೊಂಡ ಜೇನಿನ ಬಾಟಲಿ ತುಂಬಿದ ಜಾಕೆಟನ್ನು, ಬೀಳ್ಕೊಡಲು ಬಂದಿದ್ದ ಶಿಬಿರದ ಗೆಳತಿ ಜಾನಿಸ್ ಕೈಗಿತ್ತು ತಕ್ಕಡಿ ಹತ್ತಿದಳು. ಇಳಿದು ಮತ್ತೆ ತೊಟ್ಟಳು.

ವಿಮಾನದಲ್ಲಿ ಅವಳು, ನಂದನ್ ಇಬ್ಬರೇ. ಮಾತು, ನಗು... ವಿಮಾನ ಓಡಿತು, ಓಡಿತು... ಏಳಲೇ ಇಲ್ಲ! ರನ್‌ವೇ ಕೊನೆಯ ಬೇಲಿಗೆ ಬಡಿದು ನಿಂತಾಗ ಅವಳ ಹಣೆ ಒಡೆದಿತ್ತು, ಅವನ ಕಾಲು ಮುರಿದಿತ್ತು.

ಅವಳ ಆಸ್ಪತ್ರೆಯಲ್ಲೇ ಅವನಿಗೆ ಚಿಕಿತ್ಸೆ. ಡ್ಯೂಟಿ ಮುಗಿದ ಮೇಲೂ ಅವಳು ಅವನ ಪಕ್ಕ ಕೂರುತ್ತಿದ್ದಳು. ಪ್ರೀತಿ ಹುಟ್ಟಿತ್ತು, ಜೊತೆಗೆ ಭಯವೂ. 'ಇವರ ಕಾಲು ಮುರಿದದ್ದು ನನ್ನಿಂದ...'

ಒಂದು ಸಂಜೆ ಅವನು, "ಆ ವಿಮಾನದ ವಿಷಯ ನಿಮ್ಮ ಹತ್ರ ಮಾತಾಡಬೇಕು" ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು! "ಡ್ಯೂಟಿ ಉಂಟು" ಎಂದು ಎದ್ದವಳು ಮತ್ತೆ ಆ ವಾರ್ಡಿಗೆ ಹೋಗಲಿಲ್ಲ.

ನಂತರದ್ದು ಬರೀ ಒಂಟಿತನ. ರೂಮಿನಲ್ಲಿ ಮೂವರಿದ್ದರೂ ಶಿಫ್ಟ್ ಬೇರೆ ಬೇರೆ. ಇವಳು ಬಂದಾಗ ಅವರು ನಿದ್ದೆ. ಚರ್ಚ್‌ನಲ್ಲಿ ಮೊಣಕಾಲೂರಿದರೂ ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಕೊನೆಗೆ ಜಾನಿಸ್‌ಳ ಫೋನ್ ಬಂತು. "ನಿನ್ನ ಪೈಲಟ್ ಡಿಸ್ಚಾರ್ಜ್ ಆಗಿ ದುಬೈ ರೂಮಲ್ಲಿದ್ದಾರೆ. ವೀಸಾ ಕ್ಯಾನ್ಸಲ್ ಮಾಡ್ಸಿದ್ದಾರಂತೆ. ನಾಳೆ ಊರಿಗೆ. ಖಲಾಸ್!"

ವೆಲಿಟಾ ಸಿಕ್ಕ ಬಸ್ಸು ಹಿಡಿದು ದುಬೈಗೆ ಬಂದಳು. ಜಾನಿಸ್ ಹೇಳಿದ್ದ ಅಲ್ ಕೂಜ್ ಬಡಾವಣೆಯ ರೂಮಿನ ಬಾಗಿಲು ತೆರೆದವನ ಕಂಕುಳಲ್ಲಿ ಊರುಗೋಲು ಇತ್ತು. ಅವಳು ಅಳುತ್ತಲೇ ಎಲ್ಲ ಹೇಳಿಬಿಟ್ಟಳು.

ಅವನ ಮುಖ ಕೆಂಪಾಯಿತು. "ತಕ್ಕಡಿ ಏನು ಆಟಕ್ಕೆ ಇಟ್ಟಿದ್ವಾ? ಸತ್ತಿದ್ರೆ?... ಎಷ್ಟು ಬಾಟಲಿ?"

"ನಾಲ್ಕು..."

ಅವನು ನಿಟ್ಟುಸಿರಿಟ್ಟ. "ತಪ್ಪು ತಪ್ಪೇ. ಆದ್ರೆ ಅಷ್ಟಕ್ಕೆ ವಿಮಾನ ಏಳದೇ ಇರಲ್ಲ. ಗಾಳಿ ಹಿಂದಿನಿಂದ ಬೀಸೋ ಹಾಗೆ ತಿರುಗಿತ್ತು. ಹೊರಡೋ ಮುಂಚೆ ಇನ್ನೊಂದ್ಸಲ ನೋಡ್ಬೇಕಿತ್ತು, ನಾನು ನಿಮ್ಮ ಮಾತು ಕೇಳ್ತಾ ಕೂತೆ. ತನಿಖೆಯವರ ಮುಂದೆ ಒಪ್ಕೊಂಡಿದ್ದೀನಿ. ಅವತ್ತು ನಿಮಗೂ ಅದನ್ನೇ ಹೇಳೋಕೆ ಹೋದೆ... ಎದ್ದು ಹೋದ್ರಿ! ಜೀವ ತೆಗೀತಿದ್ದವನ ಮುಖ ನೋಡೋಕೂ ಇಷ್ಟ ಇಲ್ಲ ಅಂದ್ಕೊಂಡೆ."

"ನಿಮ್ಮನ್ನು ಕಳ್ಕೊಳ್ತೇನೆ ಅಂತ ಹೆದರಿ ಓಡಿದ್ದು ನಾನು..! ನಂಗೆ ನೀವು ಬೇಕು ನಂದನ್."

ಅವನ ಕಣ್ಣು ತುಂಬಿತು. "ನಾಳೆ ಹೋಗ್ಲೇಬೇಕು. ಅಮ್ಮಂಗೆ ನಿಮ್ಮ ವಿಷಯ ಹೇಳಿ, ಹೊಸ ವೀಸಾದಲ್ಲಿ ಬರ್ತೀನಿ. ಮತ್ತೆ ಹಾರಿಸೋಕೆ ಬಿಡ್ತಾರೋ ಗೊತ್ತಿಲ್ಲ. ಬಿಟ್ರೆ... ಪಕ್ಕ ಕೂತ್ಕೊಳ್ತೀರಾ?"

"ಹೆದರಿಕೆ ಉಂಟು... ಆದ್ರೂ ಕೂತ್ಕೊಳ್ತೇನೆ. ನಿಮ್ಮ ಕೈ ಹಿಡ್ಕೊಳ್ತೇನೆ."

"ಅಯ್ಯೋ, ಹಾರಿಸೋಕೆ ಆ ಕೈ ಬೇಕು ಕಣ್ರೀ!"

"ಹಾಗಾದ್ರೆ ಈಗಲೇ ಕೊಡಿ."

ನಂದನ್ ಊರುಗೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಕೊಟ್ಟ.