ಬಿದನೂರ ರಾಜನ ಒದೆತ

ಗಂಡನಿಗೆ ಕಾಫಿ ತಂದ ಹುಲಿಯಮ್ಮ ಲಾಯದ ಬಾಗಿಲಲ್ಲೇ ಚೊಂಬು ಕೈಬಿಟ್ಟಳು.

ಸುಬ್ಬಪ್ಪ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ. ಹಣೆ ಒಡೆದಿತ್ತು. ಮೈ ತಣ್ಣಗಾಗಿತ್ತು. ಪಕ್ಕದಲ್ಲಿ ಬ್ರಾಂದಿ ಬಾಟಲಿ. ಆಚೆ ಮೂಲೆಯಲ್ಲಿ ಬಿದನೂರ ರಾಜ ಗೋಡೆಗೆ ಅಂಟಿಕೊಂಡು ನಿಂತಿತ್ತು. ಕಪ್ಪು ಕುದುರೆ. ಮೈ ನಡುಗುತ್ತಿತ್ತು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಬಿದನೂರು ನಗರದ ಹಾಳು ಕೋಟೆಯ ಆಚೆ, ಮರದ ಸಾಹುಕಾರ ಹೂವಯ್ಯನವರ ಬಂಗಲೆಯ ಹಿಂದೆ ಆ ಲಾಯ. 1982ರಲ್ಲೂ ಊರಿನ ಹೆರಿಗೆ ಕೋಣೆಗೆ ಕರೆಂಟು ಬಂದಿರಲಿಲ್ಲ. ಲಾಯಕ್ಕೆ ಬಂದಿತ್ತು. ಫ್ಯಾನು, ಸೊಳ್ಳೆಪರದೆ, ಗಾರೆ ನೆಲ. ದಿನಾ ಬಾದಾಮಿ, ಮೊಟ್ಟೆ, ಹಾಲು. ಹೆತ್ತ ಹೆಂಗಸರು ಲಾಟೀನಿನ ಬೆಳಕಲ್ಲಿ ಮಲಗಿ, ದೂರದ ಲಾಯದ ಟ್ಯೂಬ್‌ಲೈಟನ್ನು ಕಿಟಕಿಯಿಂದ ನೋಡುತ್ತಿದ್ದರು.

ಮೊದಲ ಬಸ್ಸಿಗೆ ಸಾಗರದಿಂದ ಬಂದಿಳಿದ ಶರಾವತಿ ಬಂದದ್ದು ಕುದುರೆಯ ಬಗ್ಗೆ ಬರೆಯಲು. ವಾರಪತ್ರಿಕೆಯೊಂದರ ವರದಿಗಾರ್ತಿ ಅವಳು. ಮುಂದಿನ ವಾರ ಮೈಸೂರಿನ ರೇಸಿನಲ್ಲಿ ಬಿದನೂರ ರಾಜ ಓಡಬೇಕಿತ್ತು. ಎದುರು ಓಡುವುದು ತೀರ್ಥಹಳ್ಳಿಯ ಮುಕುಂದಯ್ಯನವರ ಕುದುರೆ. ಹೂವಯ್ಯನವರ ಹೆಂಡತಿಯ ಅಣ್ಣ ಈ ಮುಕುಂದಯ್ಯ. ಭಾವ ಒಂದು ಕುದುರೆ ಕೊಂಡರೆ ಭಾವಮೈದುನ ಅದಕ್ಕಿಂತ ದುಬಾರಿಯದನ್ನು ಕೊಳ್ಳುತ್ತಿದ್ದ. ಹೀಗೆ ಎರಡು ಮನೆಯ ಕಾಡು, ಗದ್ದೆ, ಒಡವೆ ಎಲ್ಲ ಕುದುರೆಯ ಬೆನ್ನೇರಿ ಹೋಗಿದ್ದವು.

ಶರಾವತಿಯ ಅಜ್ಜಿ ಕೆರಿಯಮ್ಮನ ಕಥೆಗಳಲ್ಲಿ ಕುದುರೆಗಳು ಮಾತಾಡುತ್ತಿದ್ದವು. ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದವು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತ ಬಂದಿದ್ದಳು.

ಲಾಯದ ಬಾಗಿಲಲ್ಲಿ ಆ ನೆನಪು ನಿಂತಿತು.

"ಬರ್ಕೊಳ್ರೀ," ಹೊಸನಗರದ ಸಬ್‌ಇನ್ಸ್‌ಪೆಕ್ಟರ್ ಗಣಪಯ್ಯ ಪೇದೆಗೆ ಹೇಳುತ್ತಿದ್ದರು. "ಕುಡಿದ ಅಮಲಿನಲ್ಲಿ ಕುದುರೆಯನ್ನು ಕೆಣಕಿದ್ದರಿಂದ, ಕುದುರೆ ಒದ್ದು ಸತ್ತಿರುತ್ತಾನೆ. ಹಣೆಯ ಮೇಲೆ ಲಾಳದ ಗುರುತು ಸ್ಪಷ್ಟ."

ನಿಜ. ಅರ್ಧಚಂದ್ರದಂಥ ಗುರುತು. ಅಚ್ಚು ಒತ್ತಿದ ಹಾಗೆ.

"ಅವ್ರು ಕುಡಿಯಲ್ಲ ಸ್ವಾಮೀ!" ಹುಲಿಯಮ್ಮ ಕೂಗಿದಳು. "ಸುಳ್ಳು ಬರೀಬೇಡಿ!"

ಹೂವಯ್ಯ ಬಿಳಿ ಪಂಚೆಯ ತುದಿ ಎತ್ತಿ ಹಿಡಿದು ಹೊಸಿಲಿನಿಂದಾಚೆಯೇ ನಿಂತಿದ್ದರು. ಒಳಗೆ ಕಾಲಿಡಲಿಲ್ಲ.

"ಬಾಯಿ ಮುಚ್ಚೇ. ಎಷ್ಟು ಬೆಲೆಬಾಳೋ ಕುದುರೆ ನಿನ್ ಗಂಡನಿಂದ ಹಾಳಾಯ್ತು. ಮನುಷ್ಯನ್ನ ಕೊಂದ ಪ್ರಾಣಿ ನನ್ನ ಮನೇಲಿರೋದು ಬೇಡ. ಇನ್ಸ್‌ಪೆಕ್ಟ್ರೇ, ಸಂಜೆ ಗುಂಡು ಹಾಕಿಸ್ತೀನಿ. ಮಣ್ಣು ಮಾಡಿಬಿಡ್ಲಿ."

"ನಿಮ್ಮ ಕುದುರೆ, ನಿಮ್ಮ ಇಷ್ಟ ಸಾವ್ಕಾರ್ರೆ."

ಶರಾವತಿ ಹೆಣದ ಬಳಿ ಕೂತಳು. ಒಡೆದ ಹಣೆಯಲ್ಲಿ ಕಪ್ಪುಗಟ್ಟಿದ ರಕ್ತ. ರಕ್ತದ ಅಂಚಿನಲ್ಲಿ ಹಳದಿ.

"ಅರಿಶಿನ ಯಾರು ಹಚ್ಚಿದ್ದು?" ಕೇಳಿದಳು.

"ಗಾಯಕ್ಕೆ ಅರಿಶಿನ ಹಚ್ಚದೆ ಇನ್ನೇನು ಹಚ್ತಾರಮ್ಮ?" ಗಣಪಯ್ಯ ನಕ್ಕರು. "ಸಾಗರದಲ್ಲಿ ಬೇರೆ ಪದ್ಧತಿಯಾ?"

"ಹೆಂಡ್ತಿ ಹಚ್ಚಿರ್ತಾಳೆ," ಎಂದರು ಹೂವಯ್ಯ ತಟ್ಟನೆ.

* * *

ಹುಲಿಯಮ್ಮ ಲಾಯದ ಹಿಂದಿನ ನೀರಿನ ತೊಟ್ಟಿಗೆ ಒರಗಿದ್ದಳು. ಅಳು ಮುಗಿದಿತ್ತು. ಸಿಟ್ಟು ಉಳಿದಿತ್ತು.

"ಅರಿಶಿನ ನೀವು ಹಚ್ಚಿದ್ರಾ ಅಕ್ಕಾ?"

"ನಾನ್ಯಾಕೆ ಹಚ್ಲಿ? ನಾ ಬರೋ ಹೊತ್ತಿಗೆ ಮೈ ಕೊರಡಾಗಿತ್ತು. ಸತ್ತೋರ ಗಾಯ ಯಾರಾದ್ರೂ ವಾಸಿ ಮಾಡಕ್ಕೆ ಹೋಗ್ತಾರಾ?"

"ನಿಮಗಿಂತ ಮುಂಚೆ ಯಾರಾದ್ರೂ ಬಂದಿದ್ರೆ?"

"ಬಂದೋರು ಕೂಗಲ್ವಾ? ಅರಿಶಿನ ಮೆತ್ತಿ ಸುಮ್ನೆ ಹೋಗ್ತಾರಾ?"

ಶರಾವತಿ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟಳು.

"ಬಾಟಲಿ?"

"ಅದೇ ಸುಳ್ಳು ಅಂತ ಬಡ್ಕೊಳ್ತಿರೋದು. ಈ ರಾಜನಿಗೆ ಹೆಂಡದ ವಾಸನೆ ಆಗಲ್ಲ. ಮಾರು ದೂರ ಹಾರುತ್ತೆ. ನಮ್ಮೋರು ಮೊದ್ಲು ಬೆಂಗ್ಳೂರಲ್ಲಿ ಜಾಕಿ ಆಗಿದ್ರು. ಗುಬ್ಬಿ ಮರಿ ಹಂಗಿದ್ರು, ತೂಕಾನೇ ಇರ್ಲಿಲ್ಲ. ಕುದುರೆ ಮೂತಿಗೆ ಮೂತಿ ಇಟ್ಟು ಮಲಗೋರು. ‘ನನ್ನ ಕಟ್ಕೊಂಡಿದ್ಯಾಕೆ, ಅದನ್ನೇ ಕಟ್ಕೋಬೇಕಿತ್ತು’ ಅಂತ ನಾನು ಆಡ್ಕೊಳ್ತಿದ್ದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಊರಲ್ಲೆಲ್ಲ ಕುಡುಕ ಅಂತ ಹೆಸರು ಮಾಡಿ ಮಣ್ಣು ಮಾಡ್ತಾರೆ. ಆ ಹೆಸರು ಹೊತ್ಕೊಂಡು ನನ್ನ ಮಕ್ಳು ಬದುಕ್ಬೇಕು. ಹಂಗೆ ಆಗಕ್ಕೆ ಬಿಡ್ಬೇಡಿ ಅಕ್ಕಾ."

"ಅವರಿಗೆ ಯಾರ ಮೇಲಾದ್ರೂ ದ್ವೇಷ ಇತ್ತಾ?"

"ಇಲ್ಲ. ಒಂದೇ ಚಿಂತೆ. ರಾಜನ ಕಾಲು. ಸಾವ್ಕಾರ್ರಿಗೆ ಹೇಳ್ಬೇಕು ಅಂತಿದ್ರು. ಹೇಳಿದ್ರೋ ಇಲ್ವೋ."

ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು.

* * *

ಇಳಿದವರು ಮುಕುಂದಯ್ಯ. ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ಅರಿಶಿನದ ಕಲೆ.

"ಏನ್ ಭಾವ, ರೇಸಿಗೆ ಮುಂಚೇನೇ ಓಟ ನಿಲ್ಲಿಸಿದ್ರಂತೆ?"

"ನಿನ್ ಕುದುರೆ ಹಿಂದೆ ನನ್ನದು ಓಡೋದನ್ನ ನೋಡ್ಬೇಕು ಅಂತಿತ್ತೇನೋ," ಹೂವಯ್ಯ ಹಲ್ಲು ಕಚ್ಚಿದರು. "ನಿನ್ನೆ ಸಂಜೆ ನನ್ನ ಲಾಯದಲ್ಲಿ ನಿನಗೇನು ಕೆಲ್ಸ ಇತ್ತು? ತೋಟದ ಆಳು ನೋಡಿದಾನೆ. ಕೇಳಿ ಇನ್ಸ್‌ಪೆಕ್ಟ್ರೇ, ಇವನನ್ನ ಕೇಳಿ!"

ಗಣಪಯ್ಯನ ಕಣ್ಣು ಹೆಬ್ಬೆರಳಿನ ಮೇಲೆ ನಿಂತಿತು. ಶರಾವತಿಯದೂ.

"ಬೆರಳಿಗೇನಾಯ್ತು?" ಅವಳು ಕೇಳಿದಳು.

"ಕಾರಿನ ಬಾಗಿಲು ಕಚ್ತು. ಯಾರಮ್ಮ ನೀನು?"

"ಪತ್ರಿಕೆಯವಳು. ನಿನ್ನೆ ಸುಬ್ಬಪ್ಪನ ಹತ್ರ ಏನು ಮಾತಾಡಿದ್ರಿ?"

ಮುಕುಂದಯ್ಯ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆಮೇಲೆ ನಕ್ಕರು. ಕೆಟ್ಟ ನಗು.

"ನಮ್ಮಲ್ಲಿಗೆ ಬಾ ಅಂದೆ. ಬರಲ್ಲ ಅಂದ. ಹಠಮಾರಿ. ಖಾಲಿ ಕೈಲಿ ಹೋದ್ರೂ ನಾನು ನಗ್ತಾನೇ ಹೋದೆ. ಯಾಕೆ ಅಂತ ನೀವೇ ಕುದುರೆ ಹತ್ರ ಹೋಗಿ ನೋಡ್ಕೊಳ್ಳಿ. ಸಾಕೋರು ನೋಡಿಲ್ಲ, ನಾನು ನೋಡಿದೆ."

ಹೂವಯ್ಯ ಏನೂ ಅರ್ಥವಾಗದವರಂತೆ ಅವರ ಮುಖ ನೋಡಿದರು.

* * *

ಶರಾವತಿಗೆ ಕುದುರೆಯೆಂದರೆ ಭಯ. ಕಥೆಯ ಕುದುರೆಗೆ ವಾಸನೆ ಇರುತ್ತಿರಲಿಲ್ಲ, ಅಷ್ಟು ದೊಡ್ಡ ಹಲ್ಲೂ ಇರುತ್ತಿರಲಿಲ್ಲ. ಹುಲಿಯಮ್ಮ ಮುಂದೆ ಹೋದಳು. ಕುತ್ತಿಗೆ ತಟ್ಟಿದಳು. "ಬಾರೋ ರಾಜಾ." ಕುದುರೆ ನಡುಕ ನಿಲ್ಲಿಸಿತು.

"ಕಾಲು ಎತ್ತಿ ತೋರಿಸಿ ಅಕ್ಕಾ."

ಹುಲಿಯಮ್ಮ ಮುಂಗಾಲು ಎತ್ತಿದಳು. ಮೊಣಕಾಲಿನ ಕೆಳಗೆ ಊತ. ಅರೆದ ಸೊಪ್ಪಿನ ಪಟ್ಟಿ. ಗೊರಸು ಬರಿದು. ಲಾಳವಿಲ್ಲ. ಮೊಳೆ ಕಿತ್ತ ತೂತುಗಳು ಮಾತ್ರ.

"ಇನ್ನೊಂದು?"

ಅದೂ ಬರಿದು. ಹಿಂದಿನ ಎರಡೂ ಬರಿದು. ಬಾಗಿಲ ಬಳಿಯ ಕೆಸರಿನಲ್ಲಿ ಬಿದ್ದ ಹೆಜ್ಜೆಗಳನ್ನು ಶರಾವತಿ ನೋಡಿದಳು. ದುಂಡನೆಯ ಬರಿಗೊರಸಿನ ಗುರುತು. ಕಬ್ಬಿಣದ ಅಂಚು ಎಲ್ಲೂ ಇಲ್ಲ.

"ಕಾಲು ನೊಂದ ದಿನಾನೇ ಬಿಚ್ಚಿದ್ರು," ಹುಲಿಯಮ್ಮ ಹೇಳಿದಳು. "ಓಡದ ಕುದುರೆಗೆ ಲಾಳ ಯಾಕೆ, ಕಾಲಿಗೆ ಆರಾಮ ಸಿಗ್ಲಿ ಅಂತ."

ಶರಾವತಿ ಕುದುರೆಯ ಕಣ್ಣನ್ನೇ ನೋಡುತ್ತ ನಿಂತಳು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಅದು ಮಾತಾಡಿಯೇ ಬಿಟ್ಟಿತ್ತು.

* * *

ಬಂಗಲೆಯ ಚಾವಡಿಯಲ್ಲಿ ಎಲ್ಲರೂ ಕೂತಿದ್ದರು. ಆಳು ಕೋವಿಯ ನಳಿಗೆ ಒರೆಸುತ್ತಿದ್ದ. ಸಾಹುಕಾರರ ಹೆಂಡತಿ ಜಲಜಮ್ಮ ಕಾಫಿ ತಂದಿಟ್ಟರು. ಕೊರಳಲ್ಲಿ ಕರಿಮಣಿಯ ಎಳೆ ಬಿಟ್ಟರೆ ಬೇರೇನೂ ಇಲ್ಲ.

ಗೋಡೆಯ ಮೇಲೆ ಸಾಲು ಸಾಲು ಫೋಟೋ. ಕುದುರೆಯ ಪಕ್ಕ ಹೂವಯ್ಯ. ಕಪ್ಪು ಕನ್ನಡಕ, ಕೋಟು. ನಡುವೆ ದಪ್ಪ ಬೀಟೆ ಮರದ ಹಲಗೆ. ಅದರ ಮೇಲೆ ಮೊಳೆ ಹೊಡೆದು ಕೂರಿಸಿದ ಲಾಳ. ಬಿದನೂರ ರಾಜ ಬೆಂಗಳೂರಿನಲ್ಲಿ ಮೊದಲು ಗೆದ್ದ ದಿನದ್ದು.

"ಸಾವ್ಕಾರ್ರೆ, ಒಂದು ಮಾತು ಕೇಳ್ಲಾ?" ಶರಾವತಿ ಬಾಗಿಲಲ್ಲೇ ನಿಂತು ಕೇಳಿದಳು. "ರಾಜ ಯಾವ ಕಾಲಲ್ಲಿ ಒದ್ದಿರಬಹುದು?"

"ಅದನ್ನ ಕಟ್ಕೊಂಡು ನಿನಗೇನು? ಹಿಂಗಾಲಲ್ಲಿ. ಲಾಳ ಹಣೆ ಮೇಲೆ ಅಚ್ಚೊತ್ತಿದೆಯಲ್ಲ, ಕಾಣಲ್ವಾ?"

"ಲಾಳ ಇರೋದು ಖಂಡಿತಾನಾ?"

"ಲಾಳ ಇಲ್ದೆ ರೇಸ್ ಕುದುರೆ ಇರುತ್ತೇನೇ ಹುಡ್ಗಿ?"

ಮುಕುಂದಯ್ಯ ಜೋರಾಗಿ ನಕ್ಕರು. "ಅಯ್ಯೋ ಭಾವ! ನಾಲ್ಕು ಕಾಲೂ ಬರಿದು! ಕುಂಟು ಕುದುರೆ ನಿಮ್ದು. ನಿನ್ನೆ ಅದನ್ನ ನೋಡೇ ನಾನು ನಕ್ಕೊಂಡು ಹೋಗಿದ್ದು."

ಗಣಪಯ್ಯ ಕಾಫಿ ಲೋಟ ಕೆಳಗಿಟ್ಟರು.

"ಲಾಳ ಇಲ್ದ ಕುದುರೆ ಲಾಳದ ಗುರುತು ಹೆಂಗೆ ಮಾಡ್ತು?"

"ಮಾಡ್ಲಿಲ್ಲ ಸರ್," ಶರಾವತಿ ಹೇಳಿದಳು. "ಮನುಷ್ಯ ಮಾಡಿದ. ಕುದುರೆಗೆ ಲಾಳ ಇದೆ ಅಂದ್ಕೊಂಡಿದ್ದ ಮನುಷ್ಯ. ಮುಕುಂದಯ್ಯನವರಿಗೆ ಇಲ್ಲ ಅಂತ ಗೊತ್ತಿತ್ತು. ಹುಲಿಯಮ್ಮನಿಗೂ ಗೊತ್ತಿತ್ತು. ಅವರ್ಯಾರೂ ಈ ಸುಳ್ಳು ಹೇಳ್ತಿರ್ಲಿಲ್ಲ. ಗೊತ್ತಿಲ್ಲದೆ ಇದ್ದೋರು ಒಬ್ಬರೇ." ಅವಳು ಜಲಜಮ್ಮನ ಕಡೆ ತಿರುಗಿದಳು. "ಅಮ್ಮಾ, ಆ ಹಲಗೆಗೆ ಪೂಜೆ ಮಾಡ್ತೀರಾ?"

ಜಲಜಮ್ಮ ತಟ್ಟೆಯನ್ನು ಎದೆಗೆ ಒತ್ತಿಕೊಂಡರು. ಗಂಡನನ್ನು ನೋಡಲಿಲ್ಲ.

"ಪ್ರತಿ ಶುಕ್ರವಾರ. ಮನೆ ಅದೃಷ್ಟ ಅಂತೆ ಅದು. ದೀಪ ಹಚ್ಚಿ, ಲಾಳಕ್ಕೆ ಅರಿಶಿನ ಕಲಸಿ ಬಳೀತೀನಿ. ನಿನ್ನೇನೂ ಬಳಿದಿದ್ದೆ."

ಎಲ್ಲರೂ ಗೋಡೆ ನೋಡಿದರು. ಲಾಳ ಫಳಫಳ ಹೊಳೆಯುತ್ತಿತ್ತು. ಒಂದು ಚುಕ್ಕೆ ಹಳದಿ ಇಲ್ಲ. ಹಲಗೆಯ ಕೆಳಗೆ ಸುಣ್ಣದ ಗೋಡೆಯಲ್ಲಿ ನೀರಿಳಿದ ಗೆರೆ, ಇನ್ನೂ ಹಸಿ.

"ಜಲಜಾ!" ಹೂವಯ್ಯ ಗುಡುಗಿದರು.

"ದೀಪ ಹಚ್ಚಿ ಒಳಗೆ ಹೋದೆ," ಜಲಜಮ್ಮನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಸುಬ್ಬಪ್ಪ ಬಂದ. ಜೋರು ಮಾತು ಕೇಳಿಸ್ತು. ಆಮೇಲೆ ಕೇಳಿಸ್ಲಿಲ್ಲ. ‘ಕಳಿಸ್ದೆ’ ಅಂದ್ರು ಇವರು. ಬೆಳಿಗ್ಗೆ ಹಲಗೆ ತೊಳೆದಿತ್ತು. ಯಾರಾದ್ರೂ ಕೇಳ್ತಾರೆ ಅಂತ ಕಾಯ್ತಿದ್ದೆ. ಯಾರೂ ಕೇಳ್ಲಿಲ್ಲ."

ಗಣಪಯ್ಯ ಎದ್ದು ಹಲಗೆ ಇಳಿಸಿದರು. ಎರಡೂ ಕೈ ಬೇಕಾಯಿತು. ಲಾಳದ ಮೊಳೆಗಳ ಸಂದಿಯಲ್ಲಿ ಪಿನ್ನಿನ ಮೊನೆ ಆಡಿಸಿದರು. ಅರಿಶಿನ ಬಂತು. ಅದರ ಜೊತೆ ಒಣಗಿದ ಕೆಂಪು.

"ಗಾಯದಲ್ಲಿದ್ದ ಅರಿಶಿನ ಹಚ್ಚಿದ್ದಲ್ಲ ಸರ್," ಎಂದಳು ಶರಾವತಿ. "ಈ ಹಲಗೇಲಿ ಹೊಡೆದ ಪೆಟ್ಟಿನ ಜೊತೆ ಬಂದದ್ದು. ಗಾಯಕ್ಕೆ ಅರಿಶಿನ ಹಚ್ಚೋದು ನಮಗೆಲ್ಲ ರೂಢಿ, ಅದಕ್ಕೇ ಯಾರಿಗೂ ಅನುಮಾನ ಬರ್ಲಿಲ್ಲ. ಹಣೆ ಮೇಲೆ ಲಾಳದ ಅಚ್ಚು ನೋಡಿ ಸಾವ್ಕಾರ್ರಿಗೆ ದಾರಿ ಹೊಳೀತು. ಸುಬ್ಬಪ್ಪ ಜಾಕಿ, ಹಗುರ ಮನುಷ್ಯ. ಎತ್ಕೊಂಡು ಹೋಗಿ ಲಾಯದಲ್ಲಿ ಮಲಗ್ಸಿದ್ರು. ಬ್ರಾಂದಿ ಸುರಿದ್ರು. ಕುದುರೆ ಯಾಕೆ ಮೂಲೆಗೆ ಹಾರ್ತು ಅಂತ ತಿಳೀಲಿಲ್ಲ. ಕಾಲು ಯಾಕೆ ಬರಿದು ಅಂತ ನೋಡ್ಲಿಲ್ಲ. ಆಮೇಲೆ ಗುಂಡು ಹಾಕಿ ಹೂತ್ಬಿಟ್ರೆ ಕುಂಟು ಕಾಲೂ ಮುಚ್ಚಿಹೋಗುತ್ತೆ, ಯಾರೂ ನಗಲ್ಲ."

ಹೂವಯ್ಯ ಕುರ್ಚಿಯಲ್ಲಿ ಕುಸಿದರು. ಆಮೇಲೆ ಹೇಳಿದ್ದು ಸುಬ್ಬಪ್ಪನ ಬಗ್ಗೆ ಅಲ್ಲ. ಮುಕುಂದಯ್ಯನ ಕಡೆ ಬೆರಳು ತೋರಿಸಿ ಹೇಳಿದರು:

"ಇಂಜೆಕ್ಷನ್ ಕೊಟ್ಟು ಓಡ್ಸು ಅಂದೆ. ‘ಕಾಲು ಮುರಿದು ಸಾಯುತ್ತೆ, ನಾನೇ ಎಲ್ಲರಿಗೂ ಹೇಳ್ತೀನಿ’ ಅಂದ. ಎಲ್ಲರಿಗೂ! ಇವನ ಮುಂದೆ ನಾನು ತಲೆ ತಗ್ಗಿಸಿ ನಿಲ್ಬೇಕಿತ್ತಾ?"

ಮುಕುಂದಯ್ಯನ ನಗು ಅಲ್ಲಿಗೆ ನಿಂತಿತು.

* * *

ಹೂವಯ್ಯನವರನ್ನು ಕೂರಿಸಿಕೊಂಡು ಜೀಪು ಹೋಯಿತು. ಕೋವಿ ಬೀರುವಿಗೆ ಹೋಯಿತು.

ಲಾಯದ ಮುಂದೆ ಜಲಜಮ್ಮ ಅಣ್ಣನನ್ನು ಕೇಳಿದರು. "ಅಣ್ಣಯ್ಯ, ಈ ಕುದುರೆ ತಗೊಂಡು ಹೋಗ್ತೀಯಾ? ಅಷ್ಟು ಆಸೆಪಟ್ಟಿದ್ದೆಯಲ್ಲ."

"ಕುಂಟು ಕುದುರೆ ಯಾರಿಗೆ ಬೇಕು ಜಲಜಾ? ಪುಣೆಯಲ್ಲಿ ಒಂದು ಮರಿ ನೋಡಿಟ್ಟಿದೀನಿ. ಭಾವ ಇಲ್ಲ, ಇನ್ನು ಹರಾಜಲ್ಲಿ ಎದುರು ಕೂಗೋರೂ ಯಾರೂ ಇಲ್ಲ." ಅವರು ಕಾರು ಹತ್ತಿದರು.

ಜಲಜಮ್ಮ ಹಗ್ಗವನ್ನು ಹುಲಿಯಮ್ಮನ ಕೈಗಿಟ್ಟರು.

"ನೀನೇ ತಗೋ. ನನ್ನ ಕೊರಳು ಬರಿದು ಮಾಡಿದ ಪ್ರಾಣಿ. ಇನ್ನು ನೋಡಕ್ಕಾಗಲ್ಲ."

"ನನ್ನ ಮಕ್ಳಿಗೇ ಗಂಜಿ ಸಾಲಲ್ಲ ಅಮ್ಮಾ. ಬಾದಾಮಿ ಎಲ್ಲಿಂದ ತರ್ಲಿ?"

ಜಲಜಮ್ಮ ಒಳಗೆ ಹೋದರು.

"ಕುಡುಕ ಅಂತ ಬರೆಯಲ್ಲ ತಾನೇ ಅಕ್ಕಾ?" ಹುಲಿಯಮ್ಮ ಶರಾವತಿಯನ್ನು ಕೇಳಿದಳು.

"ಬರೆಯಲ್ಲ. ಜಾಕಿ ಸುಬ್ಬಪ್ಪ ಅಂತ ಬರೀತೀನಿ."

ಅಜ್ಜಿಯ ಕಥೆಯಲ್ಲಾಗಿದ್ದರೆ, ಸತ್ಯ ಹೇಳಿದ ಕುದುರೆಗೆ ಬಂಗಾರದ ಲಾಯ ಸಿಗುತ್ತಿತ್ತು. ಶರಾವತಿ ಬಸ್ಸಿಗಾಗಿ ರಸ್ತೆಯಂಚಿನಲ್ಲಿ ನಿಂತಳು. ಹುಲಿಯಮ್ಮ ಕುದುರೆಯನ್ನು ಹಿಡಿದು ಗುಡಿಸಲಿನ ಕಡೆ ಇಳಿಯುತ್ತಿದ್ದಳು. ಕಲ್ಲುದಾರಿ. ಕುದುರೆ ಕುಂಟುತ್ತಿತ್ತು. ಅವಳು ಅದಕ್ಕಾಗಿ ನಿಂತು ನಿಂತು ನಡೆಯುತ್ತಿದ್ದಳು. ಇಬ್ಬರ ಕಾಲೂ ಬರಿದೇ.

ಹಿಂದೆ, ಖಾಲಿ ಲಾಯದಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ.