ಎರವಲು ಬೂಟು

ಮಂಗಳವಾರ ಮಧ್ಯಾಹ್ನ ಸಾವಿನ ಸುದ್ದಿ ಮನೆಗೆ ಮುಟ್ಟಿತು. ಸಂಜೆಯ ಹೊತ್ತಿಗೆ, ಸತ್ತ ಹುಡುಗನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಕಾಲೇಜಿನ ಕೊನೆಯ ವರ್ಷದ ಹುಡುಗ. ಸಾಗಣೆ ಕಂಪನಿಯ ಗೋದಾಮಿಗೆ ಇಂಟರ್ನ್‌ಶಿಪ್ ಆಯ್ಕೆಗೆಂದು ಹೋದವನು ಸರಕಿನ ಲಿಫ್ಟಿಗೆ ತಲೆ ಸಿಕ್ಕಿ ಸತ್ತಿದ್ದ.

“ಅವನು ನಮ್ಮ ಕೆಲಸಗಾರನಲ್ಲ ಅಂತಾರೆ ಕಂಪನಿಯವರು. ನಮ್ಮ ಗೇಟಿನಾಚೆ ನಡೆದದ್ದು ಅಂತಾರೆ ಕಾಲೇಜಿನವರು. ಹಾಗಾದ್ರೆ ನನ್ನ ಮಗು ಯಾರ ಕೈಕೆಳಗೆ ಸತ್ತಿದ್ದು, ಸಾಹೇಬ್ರೆ?”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಪಂಚನಾಮೆಗೆಂದು ಹೆಡ್ ಕಾನ್‌ಸ್ಟೆಬಲ್ ಜೊತೆ ಗೋದಾಮಿಗೆ ಹೊರಟರು.

ಕಂಪನಿಯ ನೇಮಕಾತಿ ಅಧಿಕಾರಿ ಲಿಫ್ಟಿನ ಬಳಿಯೇ ನಿಂತಿದ್ದ.

“ಆಯ್ಕೆಗೆ ಏನು ಪರೀಕ್ಷೆ?” ಎಂದರು ಇನ್‌ಸ್ಪೆಕ್ಟರ್.

“ಪ್ರಾಯೋಗಿಕ, ಸರ್. ಪೆಟ್ಟಿಗೆಗಳನ್ನ ಮಹಡಿಗೆ ಸಾಗಿಸೋದು. ಯಾರು ಚುರುಕು ಅಂತ ನೋಡ್ತೀವಿ.”

“ಕೂಲಿ?”

“ವಿದ್ಯಾರ್ಥಿಗಳಲ್ವಾ ಸರ್, ಅನುಭವ ಸಿಗುತ್ತೆ.”

“ಮೂಟೆ ಹೊರಿಸಿ ಅಂಕ ಹಾಕ್ತೀರಿ ಅನ್ನಿ,” ಎಂದ ಹೆಡ್ ಕಾನ್‌ಸ್ಟೆಬಲ್.

“ಅವನೇ ಬಾಗಿಲು ತೆಗೆದು ಒಳಗೆ ಬಗ್ಗಿದ, ಸರ್. ಆತುರ,” ಎಂದ ಅಧಿಕಾರಿ.

ಹೆಡ್ ಕಾನ್‌ಸ್ಟೆಬಲ್ ಜಾಲರಿ ಬಾಗಿಲು ತೆರೆದಿಟ್ಟು ಗುಂಡಿ ಒತ್ತಿದ. ಲಿಫ್ಟು ಅಲ್ಲಾಡಲಿಲ್ಲ. ಮುಚ್ಚಿ ಒತ್ತಿದ, ಚಲಿಸಿತು.

“ಬಾಗಿಲು ತೆರೆದಿದ್ರೆ ಇದು ನಿಂತಲ್ಲೇ ನಿಲ್ಲುತ್ತಲ್ಲಪ್ಪ. ಬೆಳಿಗ್ಗೆ ಅವನ ತಲೆ ಮೇಲೆ ಹೇಗೆ ಇಳೀತು?”

“ಕೆಲವೊಮ್ಮೆ ಕೈಕೊಡುತ್ತೆ, ಸರ್.”

ಪರೀಕ್ಷೆಗೆ ಬಂದಿದ್ದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಠಾಣೆಗೆ ಕರೆಸಿದರು. ಎಲ್ಲರದೂ ಒಂದೇ ಮಾತು: “ನಾನು ನೋಡಿಲ್ಲ, ಸರ್.” ಎಲ್ಲರಿಗೂ ಎರಡನೇ ಸುತ್ತಿಗೆ ಕರೆ ಬಂದಿತ್ತು. ಕಾರ್ಮಿಕ ಇಲಾಖೆ, ಪರೀಕ್ಷೆಗೆ ಬಂದವನು ಕಾರ್ಮಿಕನಲ್ಲ ಎಂದು ಕೈತೊಳೆದುಕೊಂಡಿತು. ಹೆಡ್ ಕಾನ್‌ಸ್ಟೆಬಲ್ ಟೋಪಿಯನ್ನು ಮೇಜಿನ ಮೇಲೆ ಎಸೆದ. “ಕೆಲಸ ಕೊಡೋಕೆ ಮುಂಚೆ ಬಾಯಿಗೆ ಬೀಗ ಹಾಕಿದಾರೆ, ಸರ್!”

ಶುಕ್ರವಾರ ಮೃತನ ವಸ್ತುಗಳನ್ನು ಗುರುತಿಸಲು ದೊಡ್ಡಮ್ಮನನ್ನು ಕರೆಸಿದರು. ಬೂಟನ್ನು ಎತ್ತಿದಾಗ ಮುಂತುದಿಗೆ ತುರುಕಿದ್ದ ಕಾಗದದ ಉಂಡೆ ಕೆಳಗೆ ಬಿತ್ತು.

“ಇದು ನಮ್ಮ ಹುಡುಗನದಲ್ಲ. ಅವನ ಪಾದ ಚಿಕ್ಕದು. ಸಂದರ್ಶನಕ್ಕೆ ಬೂಟಿಲ್ಲದೆ ಒಳಗೆ ಬಿಡಲ್ವಂತೆ. ಹಾಸ್ಟೆಲಿನವರೆಲ್ಲ ಒಂದೇ ಜೊತೆ ಹಾಕ್ತಾರೆ. ಮುಗಿಸಿ ಬಂದವನು ಗೇಟಿನಲ್ಲೇ ಬಿಚ್ಚಿ ಮುಂದಿನವನಿಗೆ ಕೊಡ್ತಾನೆ.”

ಇನ್‌ಸ್ಪೆಕ್ಟರ್ ತಲೆಯೆತ್ತಿದರು. ಹಾಗಿದ್ದರೆ ಇವನಿಗೆ ಬೂಟು ಕೊಟ್ಟವನು ಅಂದು ಇವನಿಗಿಂತ ಮೊದಲು ಅದೇ ಲಿಫ್ಟಿನ ಮುಂದೆ ನಿಂತಿದ್ದವನು.

ದೊಡ್ಡಮ್ಮನೂ ಜೊತೆಗೆ ಬಂದರು. ಹಾಸ್ಟೆಲಿನಲ್ಲಿ ವಿಚಾರಿಸಿದಾಗ, ಅಂದು ಬೂಟು ಕೊಟ್ಟ ಗೆಳೆಯನ ಕೋಣೆ ತೋರಿಸಿದರು. ಸೆರಗಿನಿಂದ ಒರೆಸಿದ ಬೂಟುಗಳನ್ನು ದೊಡ್ಡಮ್ಮ ಅವನ ಮುಂದೆ ಹಿಡಿದರು.

“ಇದು ನಿಂದೇನಪ್ಪ?”

ಅವನು ಕೈ ಚಾಚಲಿಲ್ಲ. “ದೊಡ್ಡಮ್ಮ, ಗೇಟಿನಲ್ಲೇ ನಾನು ಅವನಿಗೆ ಹೇಳಬೇಕಿತ್ತು.”

“ಏನನ್ನ?” ಎಂದರು ಇನ್‌ಸ್ಪೆಕ್ಟರ್.

“ಬಾಗಿಲಿನ ಸ್ವಿಚ್ಚಿಗೆ ಆ ಅಧಿಕಾರಿ ಮರದ ತುಂಡು ಸಿಕ್ಕಿಸಿದ್ರು, ಸರ್. ಬಾಗಿಲು ತೆರೆದೇ ಇದ್ರೂ ಲಿಫ್ಟು ಓಡುತ್ತೆ. ಹಾಕಿ ತೆಗೆಯೋ ಹೊತ್ತು ಉಳಿಯುತ್ತೆ ಅಂದ್ರು.”

“ಠಾಣೆಯಲ್ಲಿ ಯಾಕೆ ಬಾಯಿ ಬಿಡಲಿಲ್ಲ?”

“ಎರಡನೇ ಸುತ್ತು ನಾಳೆ ಇದೆ, ಸರ್.”

ದೊಡ್ಡಮ್ಮ ಬಯ್ಯಲಿಲ್ಲ. ಬೂಟುಗಳನ್ನು ಅವನ ಮಂಚದ ಕೆಳಗೆ ಜೋಡಿಸಿಟ್ಟರು. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಹೇಳಿಕೆಗೆ ಸಹಿ ಹಾಕಿದ. ಅವನು ಹಾಕಿದ್ದು ತಿಳಿದು ಉಳಿದವರೂ ಬಂದರು. ಅಪಘಾತವಾದೊಡನೆ ಅಧಿಕಾರಿ ತುಂಡನ್ನು ಕಿತ್ತದ್ದನ್ನು ಇಬ್ಬರು ಕಂಡಿದ್ದರು. ಅದು ಅವನ ಮೇಜಿನ ಖಾನೆಯಲ್ಲಿ ಸಿಕ್ಕಿತು. ಶನಿವಾರ ಬೆಳಿಗ್ಗೆ ಅವನನ್ನು ಬಂಧಿಸಿದರು.

“ನಾನೂ ಇದೇ ಲಿಫ್ಟಲ್ಲಿ ಪರೀಕ್ಷೆ ಕೊಟ್ಟು ಬಂದವನು, ಸರ್,” ಎಂದ ಅವನು. “ಆವತ್ತೂ ತುಂಡು ಇತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಕೂಲಿಯವರಿಲ್ಲದೆ ಗೋದಾಮು ನಡೆಸಿ ತೋರಿಸು, ಖಾಯಂ ಮಾಡ್ತೀವಿ ಅಂತ ಮೇಲಿನವರು ಅಂದಿದ್ರು.”

ಹಾಗೆಂದವರು ಯಾರೂ ಹಾಗೆಂದೆವೆಂದು ಒಪ್ಪಲಿಲ್ಲ. ಎಷ್ಟು ಕೆದಕಿದರೂ ಇನ್‌ಸ್ಪೆಕ್ಟರ್ ಅವನಿಗಿಂತ ಮೇಲಕ್ಕೆ ಹೋಗಲಾಗಲಿಲ್ಲ.

ವಿಷಯ ತಿಳಿಸಿದಾಗ ದೊಡ್ಡಮ್ಮ ಕೈಮುಗಿದರು. “ದೇವರೇ, ನನ್ನ ಮಗುವನ್ನ ಇನ್ನು ಯಾವ ಪರೀಕ್ಷೆಗೂ ನಿಲ್ಲಿಸಬೇಡಪ್ಪ. ಬರಿಗಾಲಲ್ಲಿ ಬಂದಿದ್ದಾನೆ, ಹಾಗೇ ಒಳಗೆ ಕರ್ಕೋ. ನೆಮ್ಮದಿಯಾಗಿ ಮಲಗಲಿ.”