ಸತ್ತ ಪರಂಗಿಯವನ ಗಿಟಾರು

ಟಿಪ್ಪು ಸುಲ್ತಾನರ ಕಾಲದಲ್ಲಿ, ಶ್ರೀರಂಗಪಟ್ಟಣದ ಬಡಗಿ ನಂಜಾಚಾರಿಯ ಮನೆಯಲ್ಲಿ ನಡೆದದ್ದಿದು. ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ, ಸುಲ್ತಾನರ ಸೈನ್ಯದ ಫ್ರೆಂಚ್ ಸಿಪಾಯಿ ಗಿಟಾರಿನಲ್ಲಿ ಒಂದೇ ಕಠಿಣ ಕೃತಿಯನ್ನು ವರ್ಷಗಟ್ಟಲೆ ನುಡಿಸಿ, ಪ್ರತಿಸಲವೂ ಕೊನೆಯಲ್ಲಿ ಎಡವಿ, ಆಸೆ ತೀರದೆ ಜ್ವರದಲ್ಲಿ ಸತ್ತಿದ್ದ. ಅವನಿಂದಲೇ ಕಲಿತಿದ್ದ ಆಚಾರಿಯ ಮಗಳು ಚೆಲುವಮ್ಮ, ಅವನ ಗೆಳೆಯರು ಬಂದು ಗಿಟಾರನ್ನು ಒಯ್ಯುವ ಮುನ್ನ, ಮಧ್ಯಾಹ್ನ ಅದನ್ನೆತ್ತಿಕೊಂಡಳು.

"ಬುಡವ್ವಾ, ಅವನ ಕೈಲೇ ಆಗ್ನಿಲ್ಲ," ಎಂದು ಅಪ್ಪ ಅಂಗಳಕ್ಕೆ ಹೋದ.

"ನಾನು ನುಡಿಸೇ ತೀರ್ತೀನಿ ಕಣಪ್ಪಾ!"

ಅವನು ಎಡವುತ್ತಿದ್ದ ಜಾಗ ಬಂದಾಗ ತಂತಿಗಳು ನೀರಲ್ಲಿ ಅದ್ದಿದಂತೆ ತಣ್ಣಗಾದವು. ಕಿವಿಯ ಬಳಿ ಯಾರೋ ಉಸಿರು ಬಿಗಿಹಿಡಿದರು. ಬೆರಳು ಮರಗಟ್ಟಿದರೂ ಚೆಲುವಮ್ಮ ನಿಲ್ಲಿಸಲಿಲ್ಲ. ಒಂದು ಸ್ವರವೂ ತಪ್ಪದೆ ಮುಗಿಸಿದಾಗ ಹೆಮ್ಮೆಯಿಂದ ಕಣ್ಣು ತುಂಬಿತು.

ಅಪ್ಪ ಓಡಿಬಂದ. "ಗೆದ್ಬುಟ್ಟೆ ಕಣವ್ವಾ! ಅಂಗಾರೆ ಒಳಗೆ ಚಪ್ಪಾಳೆ ತಟ್ದೋರು ಯಾರು?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಗೊರಗಿಸಿಟ್ಟ ಗಿಟಾರಿನ ತಂತಿಗಳು ಸಂಜೆಯವರೆಗೂ ಅದುರುತ್ತಲೇ ಇದ್ದವು.